ಬೆನ್‌ಹರ್ ಗೊತ್ತು, ಜನ್ನ ಯಾರು?

ಹಾಸ್ಟೆಲ್‌ನಲ್ಲಿ 'ಬೆನ್‌ಹರ್' ನೋಡಿ, ಆ ಯಹೂದಿಯ ಸೇಡಿನ ಬಗ್ಗೆ ರಾತ್ರಿ ಎರಡರವರೆಗೆ ವಾದ ಮಾಡಿದೆವು. ನಾವೆಲ್ಲ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು. ರಜೆಯಲ್ಲಿ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಬೈಕಲ್ಲಿ ಹೋದೆವು. 1196ರ ಹೊಯ್ಸಳ ದೇವಸ್ಥಾನ. ಶಾಸನದ ಒಂದಕ್ಷರ ಓದಕ್ಕಾಗಲಿಲ್ಲ, ಸೆಲ್ಫಿ ಮಾತ್ರ ಚೆನ್ನಾಗಿ ಬಂತು. ಅದರ ಪದ್ಯಗಳು ಜನ್ನನವು ಅಂತ ಗೊತ್ತಾಗಿದ್ದು ವಾಪಸ್ ಬಂದ ಮೇಲೆ.

ಇದೇ ಜನ್ನನ 'ಅನಂತನಾಥ ಪುರಾಣ'ದಲ್ಲಿ ಚಂಡಶಾಸನ ಗೆಳೆಯನ ಹೆಂಡತಿ ಸುನಂದೆಯನ್ನೇ ಹೊತ್ತೊಯ್ಯುತ್ತಾನೆ. ಅವಳು ಸತ್ತಾಗ ಅವಳ ಚಿತೆಗೇ ಬೀಳುತ್ತಾನೆ. ಬೆನ್‌ಹರ್ ಕೊನೆಗೆ ಸೇಡು ಬಿಡ್ತಾನೆ. ಸುನಂದೆಯ ಗಂಡ ಸನ್ಯಾಸಿಯಾದ ಮೇಲೂ ಮುಂದಿನ ಜನ್ಮಕ್ಕೆ ಇಟ್ಕೊಳ್ತಾನೆ! ಯಾರ ಕಥೆ ಹೆಚ್ಚು ಕಾಡುತ್ತೆ, ನೀವೇ ಹೇಳಿ.

ಹಳಗನ್ನಡ ಕಷ್ಟ ಅನ್ನೋದು ನಮ್ಮ ನೆಪ. ಪರೀಕ್ಷೆ ಹಿಂದಿನ ವಾರ ಪೈಥಾನ್ ಕಲಿತವರು ನಾವು. ಕ್ಲಬ್‌ನಲ್ಲಿ ಚಂಡಶಾಸನನನ್ನ ಓದೋಣ, ಪಕ್ಕದಲ್ಲಿ ನಿಘಂಟು ಇಟ್ಕೊಂಡಾದ್ರೂ.