ಮಠದ ಅಂಗಳದಲ್ಲಿ ನ್ಯಾಯದ ಮಾತು

ಮಠದವರು ನಾಟಕ ಆಡಿಸಿದರೆ, ಸಮಾನತೆಯ ಮೇಲೆ ಭಾಷಣ ಇಡಿಸಿದರೆ, ಅದರಿಂದ ಸಮಾಜವಾದಿಗಳಿಗೆ ಆಗಬೇಕಾದುದೇನು ಎಂದು ನಮ್ಮ ಹಿರಿಯ ಸಂಗಾತಿಯೊಬ್ಬರು ಕೇಳಿದ್ದಾರೆ. ಕಾವಿಯ ನೆರಳಿಗೆ ಹೋದವನು ಕೊನೆಗೆ ಅಡ್ಡಬಿದ್ದು ತೀರ್ಥ ಕುಡಿದೇ ಬರುತ್ತಾನೆಂಬುದು ಅವರ ಅಂಜಿಕೆ. ಅಂಜಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ಹಾಗೆ ಹೋಗಿ ಹಾಗೆಯೇ ಬಂದವರನ್ನು ನಾವೂ ಬಲ್ಲೆವು. ಆದರೂ ಹೋಗಲೇಬಾರದೆಂಬ ಮಾತನ್ನು ನಾವು ಒಪ್ಪುವುದಿಲ್ಲ.

ಗದಗಿನ ತೋಂಟದಾರ್ಯ ಮಠವನ್ನು ನೋಡಿ. ಅಲ್ಲಿ ಪ್ರತಿ ಸೋಮವಾರ ಶಿವಾನುಭವವೆಂಬ ಸಭೆ ನಡೆಯುತ್ತದೆ. 2018ರ ಅಕ್ಟೋಬರಿನಲ್ಲಿ ತೀರಿಕೊಂಡ ಸಿದ್ಧಲಿಂಗ ಸ್ವಾಮಿಗಳು ದಶಕಗಟ್ಟಲೆ ಆ ಸಭೆಯನ್ನು ನಡೆಸಿಕೊಂಡು ಬಂದರು. ಸಂಗೀತವೂ ಉಂಟು, ವಚನವೂ ಉಂಟು, ರೈತನ ಮಾತೂ ಕನ್ನಡದ ಮಾತೂ ಉಂಟು. ವಾರಕ್ಕೊಂದು ಸಭೆಯೆಂದರೆ ದೊಡ್ಡದೇನಲ್ಲ ಎಂದು ಕಾಣಬಹುದು. ಆದರೆ ವಾರವಾರವೂ ಒಂದೆಡೆ ಕೂತು ಕೇಳಿ ರೂಢಿಯಾದ ಜನ, ಕಷ್ಟ ಬಂದಾಗ ಒಂದೆಡೆ ನಿಲ್ಲುವುದನ್ನೂ ಕಲಿತಿರುತ್ತಾರೆ. 2011ರಲ್ಲಿ ಅದೇ ಆಯಿತು. ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರಖಾನೆಗೆಂದು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರ ಎಕರೆಗೂ ಮೀರಿ ಭೂಮಿ ಹಿಡಿಯಲು ಸರಕಾರ ಹೊರಟಿತು. ಫಲವತ್ತಾದ ಎರೆನೆಲ. ರೈತರು ಬೇಡವೆಂದರು. ಆಗ ಮಠದ ಸ್ವಾಮಿಗಳು ಪೂಜೆ ಮುಗಿಸಿ ಒಳಗೆ ಕೂರಲಿಲ್ಲ. ರೈತರ ಮುಂದೆ ಬೀದಿಗೆ ಬಂದರು. ಜುಲೈ ತಿಂಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಆ ಯೋಜನೆಯನ್ನು ಅಲ್ಲಿಂದ ಕೈಬಿಡುವುದಾಗಿ ಹೇಳಬೇಕಾಯಿತು. ಹೋರಾಟ ರೈತರದು, ಗೆಲುವೂ ರೈತರದು. ಆದರೆ ಮಠದ ಅಂಗಳವೆಂಬುದು ಬಂಡವಾಳಗಾರನ ಕಡೆಗೇ ವಾಲಬೇಕೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಸ್ವಾಮಿಗಳು 1987ರಲ್ಲಿ ಅಲ್ಲಿ ಶಿವಕುಮಾರ ಕಲಾಸಂಘವನ್ನು ಕಟ್ಟಿದರು. 1997ರಿಂದ ಶಿವಸಂಚಾರವೆಂಬ ನಾಟಕ ತಂಡ ವರ್ಷವರ್ಷವೂ ಹೊಸ ನಾಟಕಗಳನ್ನು ಕಲಿತು ಊರೂರು ತಿರುಗುತ್ತಿದೆ. ಒಂದು ಸಣ್ಣ ಹಳ್ಳಿಯಲ್ಲಿ ಬಯಲು ರಂಗಮಂದಿರ. ಪ್ರತಿವರ್ಷ ನವೆಂಬರಿನ ಹೊತ್ತಿಗೆ ನಾಟಕೋತ್ಸವ. ಹಗಲು ವಿಚಾರಗೋಷ್ಠಿ, ಸಂಜೆ ನಾಟಕ. 2019ರ ಆಗಸ್ಟ್ ತಿಂಗಳುದ್ದಕ್ಕೂ ‘ಮತ್ತೆ ಕಲ್ಯಾಣ’ವೆಂದು ಜಿಲ್ಲೆಯಿಂದ ಜಿಲ್ಲೆಗೆ ಹೋಗಿ, ಕಾಲೇಜು ಹುಡುಗರ ಎದುರು ಕೂತು ಜಾತಿಯ ಬಗ್ಗೆ, ಮೌಢ್ಯದ ಬಗ್ಗೆ ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟದ್ದೂ ಇದೇ ಮಠ. ಸ್ವಾಮಿಗಳೆದುರು ಕೂತ ಹುಡುಗ ತಲೆಯೆತ್ತಿ ಪ್ರಶ್ನೆ ಕೇಳುವುದೆಂದರೆ ನಮ್ಮ ದೇಶದಲ್ಲಿ ಅದು ಅರ್ಧ ಕ್ರಾಂತಿ. ಇನ್ನರ್ಧದ ಮಾತಿಗೆ ಬರುತ್ತೇವೆ.

ಈ ಬಗೆಯ ಸಭೆಗಳಿಗೆ ಮೂಲವೆಂದು ಎಲ್ಲರೂ ತೋರಿಸುವುದು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು. ಸರಿಯೇ. ಆದರೆ ಅಲ್ಲಿ ಕೂತಿದ್ದವರು ಯಾರು? ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಚೌಡಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ, ಚೆಲ್ಲಿದ ಅಕ್ಕಿ ಆಯುವ ಲಕ್ಕಮ್ಮ ಮತ್ತು ಅವಳ ಗಂಡ. ಒಂದು ದಿನ ಗಂಡ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ತಂದನೆಂದು, ಇದು ನಮ್ಮ ದುಡಿಮೆಯದಲ್ಲ, ತಿರುಗಿ ಕೊಟ್ಟು ಬಾ ಎಂದು ಕಳಿಸಿದ ಹೆಂಗಸು ಅವಳು. ದುಡಿಮೆ ಇಷ್ಟು, ಅದಕ್ಕೆ ಸಲ್ಲುವುದು ಇಷ್ಟು, ಮಿಕ್ಕದ್ದು ಯಾರದು ಎಂಬ ಲೆಕ್ಕವನ್ನು ಎತ್ತಿದವಳು ಅವಳೇ. ನಮ್ಮ ಗಿರಣಿ ಮಾಲೀಕರು ಯಾರಾದರೂ ಈ ಕತೆಯನ್ನು ಕೇಳಿ ಮಿಕ್ಕದ್ದನ್ನು ತಿರುಗಿ ಕೊಟ್ಟದ್ದು ನಮಗೆ ತಿಳಿದಿಲ್ಲ. ಹರಳಯ್ಯನ ಮನೆಗೂ ಮಧುವರಸನ ಮನೆಗೂ ನೆಂಟಸ್ತನ ಬೆಳೆದಾಗ ಇಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂಬುದು ಪರಂಪರೆಯ ಮಾತು. ಅದು ಬರಿಯ ಭಾಷಣವಾಗಿದ್ದರೆ ಆನೆ ಬರುತ್ತಿರಲಿಲ್ಲ. ನಮ್ಮ ಕಾಲದಲ್ಲಿಯೂ ವಚನಗಳ ಸಂಶೋಧಕ ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು.

ಈಗ ಬಸವಕಲ್ಯಾಣದಲ್ಲಿ ಸುಮಾರು 500 ಕೋಟಿ ರೂಪಾಯಿಯ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಸರಕಾರ ಅಡಿಗಲ್ಲು ಹಾಕಿತು. 770 ಶರಣರ ನೆನಪಿಗೆ 770 ಕಂಬಗಳಂತೆ. ಆಗಲಿ. ಕಂಬಗಳು ಮಾತಾಡುವುದಿಲ್ಲ, ಆ ಮಂಟಪದಲ್ಲಿ ಮಾತಾಡುವವರು ಯಾರೆಂಬುದನ್ನು ಗುತ್ತಿಗೆದಾರನ ಲೆಕ್ಕಪತ್ರ ಹೇಳುವುದಿಲ್ಲ.

ಇನ್ನರ್ಧದ ಮಾತೆಂದೆವಲ್ಲ, ಅದು ಇದು. ಸಾಮಾಜಿಕ ನ್ಯಾಯದ ಹೆಸರಿನಲ್ಲಿ ಮಠಗಳಲ್ಲಿಯೂ ಕಲಾಮಂದಿರಗಳಲ್ಲಿಯೂ ನಾವು ಕೂತು ಕೇಳಿದ ಸಭೆಗಳೆಷ್ಟೋ. ಒಂದು ಊರಿನಲ್ಲಿ (ಊರಿನ ಹೆಸರು ಬೇಡ) ಸಮಪಂಕ್ತಿಯ ಮೇಲೆ ಎರಡು ತಾಸು ಒಳ್ಳೆಯ ಉಪನ್ಯಾಸವಾಯಿತು. ಆಮೇಲೆ ಊಟ. ಗಣ್ಯರಿಗೆ ಒಳಗೆ ಮೇಜು, ಮಿಕ್ಕವರಿಗೆ ಹೊರಗೆ ಚಾಪೆ. ಎಲೆ ಎತ್ತಿದ ಹೆಂಗಸರು ಉಂಡದ್ದು ಎಲ್ಲರೂ ಹೋದ ಮೇಲೆ, ಹಿತ್ತಲಲ್ಲಿ. ಉಪನ್ಯಾಸ ಮಾಡಿದವರು ಒಳಗೆ ಮೇಜಿನ ಮುಂದೆ ಕೂತಿದ್ದರು. ಜಾತಿಯನ್ನು ಬಯ್ಯುವುದು ಈಗ ಸುಲಭ. ಸಂವಿಧಾನವೇ ಅಸ್ಪೃಶ್ಯತೆಯನ್ನು ಅಳಿಸಿದೆ, ಬಯ್ದವನಿಗೆ ಹಾರ ಬೀಳುತ್ತದೆ. ಕೂಲಿಯ ಮಾತೆತ್ತಿ ನೋಡಿ, ವೇದಿಕೆಯಲ್ಲಿ ಎಷ್ಟು ಜನ ಗಡಿಯಾರ ನೋಡಿಕೊಳ್ಳುತ್ತಾರೆಂದು ಎಣಿಸಬಹುದು. ಏಕೆಂದರೆ ಶಾಮಿಯಾನದ ಖರ್ಚು ಕೊಟ್ಟ ಸಾಹುಕಾರರು ಮುಂದಿನ ಸಾಲಿನಲ್ಲಿಯೇ ಇರುತ್ತಾರೆ.

2023ರಲ್ಲಿ ನಮ್ಮ ವಿಧಾನಮಂಡಲ ಕಾರಖಾನೆ ಕಾಯಿದೆಯನ್ನು ತಿದ್ದಿತು. ವಾರಕ್ಕೆ 48 ತಾಸು ಮೀರದಂತೆ ದಿನಕ್ಕೆ 12 ತಾಸಿನವರೆಗೆ ದುಡಿಸಿಕೊಳ್ಳಲು ಅದರಲ್ಲಿ ದಾರಿಯಿದೆ. ಕೆಲಸಗಾರನ ಒಪ್ಪಿಗೆ ಇರಬೇಕೆಂದು ಬರೆದಿದೆಯಂತೆ! ಹೊಟ್ಟೆ ಹಸಿದವನ ಒಪ್ಪಿಗೆ ಎಂಥದೆಂದು ಪಾಳಿಗೆ ಹೋಗುವ ನಮ್ಮ ಓದುಗರಿಗೆ ನಾವು ಹೇಳಿಕೊಡಬೇಕೆ? ಕಾಯಕವೇ ಕೈಲಾಸವೆಂದು ವರ್ಷಕ್ಕೊಮ್ಮೆ ಬಸವಜಯಂತಿಯಲ್ಲಿ ಕೂಗುವ ವೇದಿಕೆಗಳಿಗೆ ಇದು ವಿಷಯವಲ್ಲವೆ? ಹನ್ನೆರಡು ತಾಸಿನ ಕಾಯಕ ಕೈಲಾಸವೋ ಬೇರೆ ಏನೋ ಎಂದು ಒಂದು ಗೋಷ್ಠಿ ಇಡಲಿ. ನಾವು ಹೋಗಿ ಕೇಳುತ್ತೇವೆ. ಬೇಕಾದರೆ ಚಾಪೆಯನ್ನೂ ನಾವೇ ಹಾಸುತ್ತೇವೆ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ಈ ಸಭೆಗಳ ದಾಸೋಹಕ್ಕೆ ಅಕ್ಕಿ, ಬೇಳೆ, ಬೆಲ್ಲ ಹೋಗುವುದು ಬಹಳಷ್ಟು ನಿಮ್ಮ ಅಂಗಡಿಗಳಿಂದಲೇ. ಬ್ಯಾನರಿನ ಮೇಲೆ ಹೆಸರು ಬರುವುದು ಮಾತ್ರ ಬೇರೆಯವರದು. ಹೆಸರು ಬರಲೆಂದು ನಾವು ಹೇಳುತ್ತಿಲ್ಲ. ಕೊಟ್ಟವನಿಗೆ ಕೇಳುವ ಹಕ್ಕಿದೆ: ಎಷ್ಟು ಬಂತು, ಎಷ್ಟು ಖರ್ಚಾಯಿತು, ಅಂಗಳ ಗುಡಿಸಿದವನಿಗೆ ಕೊಟ್ಟ ದಿನಗೂಲಿ ಎಷ್ಟು ಎಂದು ಸಭೆಯಲ್ಲಿಯೇ ಓದಿ ಹೇಳಿರೆಂದು ಕೇಳಿರಿ. ಪುಣ್ಯವೆಂದು ಕೊಟ್ಟುದನ್ನು ಲೆಕ್ಕ ಕೇಳಬಾರದೆಂದು ಕೆಲವರು ಹೇಳುತ್ತಾರೆ. ಹೆಚ್ಚಾಗಿ ಬಂದ ಅಕ್ಕಿಯ ಲೆಕ್ಕವನ್ನು ಗಂಡನಿಂದಲೇ ಕೇಳಿದ ಲಕ್ಕಮ್ಮನ ಕತೆಯನ್ನು ಅವರಿಗೆ ಹೇಳಿರಿ.

ಸಂಗಾತಿಗಳ ಅಂಜಿಕೆಗೆ ನಮ್ಮ ಉತ್ತರ ಇಷ್ಟು. ನಾವು ಹೋಗದಿದ್ದರೆ ಅಲ್ಲಿ ಖಾಲಿ ಜಾಗ ಉಳಿಯುವುದಿಲ್ಲ. ಬೇರೆಯವರು ಬಂದು ಕೂರುತ್ತಾರೆ. ಅವರು ವಚನವನ್ನೂ ಭಜನೆಯನ್ನೂ ಬೇರೆ ರಾಗದಲ್ಲಿ ಹಾಡಿಸುತ್ತಾರೆ, ನೆರೆಮನೆಯ ಸಾಬರನ್ನು ಬಯ್ಯಲು ಅದೇ ಧ್ವನಿವರ್ಧಕ ಬಳಸುತ್ತಾರೆ. ಇದು ಎಷ್ಟೋ ಊರಿನಲ್ಲಿ ಆಗಿಹೋಗಿದೆ.

ಸಭೆ ನಡೆಸುವವರಲ್ಲಿಯೂ ನಮ್ಮ ಕೋರಿಕೆಯುಂಟು. ಮಧ್ಯಾಹ್ನ ಮೂರಕ್ಕೆ ಗೋಷ್ಠಿ ಇಟ್ಟು ದುಡಿಯುವ ಜನ ಬರಲಿಲ್ಲವೆಂದು ಮರುಗಬೇಡಿ. ಆ ಹೊತ್ತಿಗೆ ಬರುವವರು ಪಿಂಚಣಿದಾರರು ಮತ್ತು ಮೇಷ್ಟರ ಮಾತಿಗೆ ಕಟ್ಟುಬಿದ್ದ ಶಾಲೆಯ ಮಕ್ಕಳು. ವಾರದ ರಜೆಯ ದಿನ ಇಡಿ, ಇಲ್ಲವೆ ಹಗಲು ಪಾಳಿ ಬಿಟ್ಟು ಮುಖ ತೊಳೆದು ಬರುವಷ್ಟು ಹೊತ್ತು ಕೊಟ್ಟು ಸಂಜೆ ಇಡಿ. ಹೆಂಗಸರು ತಿರುಗಿ ಮನೆ ಮುಟ್ಟಲು ಬಸ್ಸು ಇರುವಾಗಲೇ ಮುಗಿಸಿ. ಪೌರಕಾರ್ಮಿಕರ ಬಗ್ಗೆ ಪಂಡಿತರು ಮಾತಾಡುವ ದಿನ ಒಬ್ಬ ಪೌರಕಾರ್ಮಿಕನನ್ನೂ ವೇದಿಕೆಯ ಮೇಲೆ ಕೂರಿಸಿ, ಮೊದಲು ಅವನಿಗೇ ಮಾತು ಕೊಡಿ. ಅವನು ಹತ್ತು ನಿಮಿಷ ತಡವರಿಸಿದರೂ ಕೇಳಿ.

ಬರುವ ನವೆಂಬರಿನ ನಾಟಕೋತ್ಸವಕ್ಕೆ ಸಾಣೇಹಳ್ಳಿಗೆ ಹೋಗಿಬರಲು ಒಂದು ವಾಹನ ಮಾಡುವ ಯೋಚನೆ ನಮ್ಮಲ್ಲಿದೆ. ಬರಬೇಕೆನ್ನುವವರು ದೀಪಾವಳಿಯೊಳಗೆ ಪಕ್ಷದ ಕಚೇರಿಯಲ್ಲಿ ಹೆಸರು ಬರೆಸಲಿ. ಬಾಡಿಗೆಯನ್ನು ತಲೆಗಿಷ್ಟೆಂದು ಹಂಚೋಣ. ಬುತ್ತಿ ಅವರವರದು. ಗೋಷ್ಠಿಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತನ್ನಿ. ಹನ್ನೆರಡು ತಾಸಿನ ಪ್ರಶ್ನೆಯನ್ನು ಮಾತ್ರ ನಾವು ಆಗಲೇ ಬರೆದಿಟ್ಟುಕೊಂಡಿದ್ದೇವೆ.