ದೇವತೆಗಳಿಗೆ ಚೌಕಟ್ಟು ಎಲ್ಲಿ?

ಟ್ರಾಯ್ ಯುದ್ಧವನ್ನು ಕಾಮಿಕ್ಸ್ ಮಾಡಹೊರಟವರಿಗೆ ದೊಡ್ಡ ತೊಡಕು ದೇವತೆಗಳದು. ಕವಿ ಅವರನ್ನು ಹೆಸರಿಸಿದರೆ ಸಾಕು, ಮಿಕ್ಕದ್ದನ್ನು ಕೇಳುವವರ ನಂಬಿಕೆ ತುಂಬಿಕೊಳ್ಳುತ್ತದೆ. ಚಿತ್ರಕಾರ ಮುಖ, ಮೈಕಟ್ಟು, ಉಡುಗೆ ಎಲ್ಲವನ್ನೂ ಬರೆಯಬೇಕು. ಬರೆದ ಕೂಡಲೇ ದೇವರೂ ಹತ್ತರಲ್ಲೊಂದು ಪಾತ್ರವಾಗಿಬಿಡುತ್ತಾನೆ.

ಅಮೆರಿಕದ ಎರಿಕ್ ಶನವರ್ 1998ರಲ್ಲಿ ಆರಂಭಿಸಿದ ‘ಏಜ್ ಆಫ್ ಬ್ರಾಂಜ್’ ಈ ತೊಡಕನ್ನು ಬುಡಕ್ಕೇ ಕತ್ತರಿಸಿತು. ಕಪ್ಪು-ಬಿಳುಪಿನ ಆ ಪುಟಗಳ ಅರಮನೆ, ಆಯುಧ, ಉಡುಪುಗಳಿಗೆ ಕಂಚಿನ ಯುಗದ ಉತ್ಖನನಗಳೇ ಆಧಾರ. ದೇವತೆಗಳು ಮಾತ್ರ ಕನಸಿನಲ್ಲಿ, ಕಣಿಯಲ್ಲಿ, ಜನರ ಬಾಯಲ್ಲಿ ಬಂದುಹೋಗುತ್ತಾರೆ. ಮಹಾಭಾರತವನ್ನು ಹೀಗೆಯೇ ಮನುಷ್ಯರ ಕಥೆಯಾಗಿ ಹೇಳಿದ ಭೈರಪ್ಪನವರ ‘ಪರ್ವ’ (1979) ಓದಿದವರಿಗೆ ಈ ದಾರಿ ಹೊಸದಲ್ಲ.

ಇದರ ಲಾಭ ಔಲಿಸ್ ಬಂದರಿನ ಪ್ರಸಂಗದಲ್ಲಿ ಕಾಣುತ್ತದೆ. ಗಾಳಿ ಕೂಡಿಬರದೆ ಟ್ರಾಯ್ ಕಡೆಗೆ ಹೊರಟ ಗ್ರೀಕರ ಹಡಗುಗಳು ನಿಂತಿವೆ. ದೇವಿ ಆರ್ಟೆಮಿಸ್ ಮುನಿದಿದ್ದಾಳೆ, ಸೇನಾನಾಯಕ ಅಗಮೆಮ್ನಾನ್ ತನ್ನ ಮಗಳು ಇಫಿಜೀನಿಯಾಳನ್ನು ಬಲಿ ಕೊಡಬೇಕು ಎನ್ನುತ್ತಾನೆ ಕಣಿಗಾರ ಕಾಲ್ಕಸ್. ಹಳೆಯ ಒಂದು ಪಾಠದಲ್ಲಿ ದೇವಿಯೇ ಕೊನೆಗಳಿಗೆಯಲ್ಲಿ ಜಿಂಕೆಯನ್ನಿಟ್ಟು ಹುಡುಗಿಯನ್ನು ಪಾರುಮಾಡುತ್ತಾಳೆ. ದೇವಿಯನ್ನು ಕಣ್ಮರೆ ಮಾಡಿದರೆ ಉಳಿಯುವುದು ಒಬ್ಬ ಕಣಿಗಾರನ ಮಾತು, ಕಾದು ಬೇಸತ್ತ ಸೇನೆ, ನಾಯಕತ್ವ ಕೈತಪ್ಪೀತೆಂದು ಅಂಜುವ ತಂದೆ. ಪಾಪವನ್ನು ಹೊರಿಸಲು ಅವನಿಗೆ ಆಕಾಶವೂ ಸಿಗುವುದಿಲ್ಲ.

ಆದರೆ ಹೋಮರನ ‘ಇಲಿಯಡ್’ನ ದೇವತೆಗಳು ಮನುಷ್ಯರ ನೆಪಕ್ಕಾಗಿ ಮಾತ್ರ ಇದ್ದವರಲ್ಲ. ಮೊದಲ ಸರ್ಗದಲ್ಲಿ ಭೂಮಿಯ ಮೇಲೆ ಅಗಮೆಮ್ನಾನನಿಗೂ ಗ್ರೀಕ್ ವೀರ ಅಕಿಲಿಸನಿಗೂ ನಡೆಯುವ ಜಗಳ ಸಾವಿರಾರು ಜನರ ಸಾವಿಗೆ ದಾರಿ ಮಾಡುತ್ತದೆ. ಒಲಿಂಪಸ್‌ನ ಜಗಳವಾದರೋ ಕುಂಟುತ್ತ ಮದ್ಯ ಬಡಿಸುವ ಕಮ್ಮಾರ ದೇವ ಹೆಫೈಸ್ಟಸ್‌ನನ್ನು ಕಂಡು ನಗುವುದರಲ್ಲಿ ಮುಗಿಯುತ್ತದೆ. ಸಾವಿಲ್ಲದವರಿಗೆ ಎಲ್ಲವೂ ಆಟ. ಆ ಆಟದ ಪಕ್ಕದಲ್ಲಿಟ್ಟಾಗಲೇ ಟ್ರಾಯ್ ವೀರ ಹೆಕ್ಟರ್‌ನ ಒಂದೇ ಒಂದು ಬದುಕಿನ ಬೆಲೆ ತಿಳಿಯುವುದು. ಜಾರ್ಜ್ ಒ’ಕಾನರ್ 2010ರಿಂದ ಹೊರತಂದ 12 ಸಂಪುಟಗಳ ‘ಒಲಿಂಪಿಯನ್ಸ್’ ಮಾಲಿಕೆ ದೇವತೆಗಳನ್ನೇ ಮುಂದಿಟ್ಟಿತು. ಯುದ್ಧದೇವ ಏರಿಸ್‌ನ ಸಂಪುಟದಲ್ಲಿ ಟ್ರಾಯ್ ಯುದ್ಧವೇ ಅವರ ಮನೆಜಗಳವಾಗಿ ಕಾಣುತ್ತದೆ. ಅಲ್ಲಿ ಆಟಕ್ಕೆ ಕಳೆ ಬಂತು, ಮನುಷ್ಯರು ಕಿರಿದಾದರು.

ಇವೆರಡರ ನಡುವೆ ಹೋಮರನೇ ತೋರಿದ ದಾರಿಯಿದೆ. ಅಕಿಲಿಸ್ ಅಗಮೆಮ್ನಾನನ ಮೇಲೆ ಕತ್ತಿ ಹಿರಿಯುತ್ತಿರುವಾಗ ಅಥೀನಾ ಹಿಂದಿನಿಂದ ಬಂದು ಅವನ ಕೂದಲು ಹಿಡಿಯುತ್ತಾಳೆ. ಅವಳು ಕಾಣುವುದು ಅವನೊಬ್ಬನಿಗೇ. ಕಾಮಿಕ್ಸ್‌ಗೆ ಇದು ಹೇಳಿಮಾಡಿಸಿದ ಪ್ರಸಂಗ. ಒಂದು ಚೌಕದಲ್ಲಿ ಅಕಿಲಿಸ್ ಕಂಡಂತೆ ದೇವಿ. ಪಕ್ಕದ ಚೌಕದಲ್ಲಿ ಸಭೆ ಕಂಡಂತೆ, ಕಾರಣವಿಲ್ಲದೆ ತಡೆದು ನಿಂತ ಒಬ್ಬ ಸಿಟ್ಟಿನ ಯುವಕ. ಯಾವುದು ನಿಜವೆಂದು ತೀರ್ಪು ಕೊಡುವ ಕೆಲಸ ಚಿತ್ರಕಾರನದಲ್ಲ.