ಎದೆಬಡಿತದ ಮರುಕಳಿಕೆ ಮತ್ತು ಶಾಲೆಯ ಸಾಕ್ಷ್ಯ

‘ಎದೆ ಡವಡವ ಎನ್ನುತ್ತಿದೆ’ ಎಂಬ ಮಾತಿಗೆ ಕನ್ನಡದಲ್ಲಿ ರೂಢಿಯಾಗಿರುವ ಅರ್ಥ ಭಯ. ವಿದ್ಯಾರ್ಥಿಯು ಪರೀಕ್ಷೆಯ ದಿನ ಹೀಗೆಂದರೆ ಹಿರಿಯರು ಧೈರ್ಯ ಹೇಳುವರು. ಆಟದ ಬಯಲಿನಲ್ಲೆಂದರೆ ಆಯಾಸವೆನ್ನುವರು. ಪಾಠದ ನಡುವೆ ಎಂದರೆ ನೆಪವೆಂದು ಗದರುವರು. ಆದರೆ ಕೆಲವು ಮಕ್ಕಳ ಬಾಯಲ್ಲಿ ಈ ನುಡಿಗೆ ಲಕ್ಷ್ಯಾರ್ಥವಿಲ್ಲ. ವಾಚ್ಯಾರ್ಥವೇ ಅದರ ಪೂರ್ಣಾರ್ಥ. ಆ ಮಕ್ಕಳ ಎದೆ ನಿಜವಾಗಿಯೂ ಮಿತಿಮೀರಿ ಬಡಿಯುತ್ತಿರುತ್ತದೆ.

ಹೃದಯವನ್ನು ನಡೆಸುವ ಸೂಕ್ಷ್ಮ ವಿದ್ಯುತ್ ಪ್ರೇರಣೆಯು ಮೇಲಿನ ಕೋಣೆಯಲ್ಲಿ ಹುಟ್ಟಿ, ಒಂದೇ ದಾರಿಯಿಂದ ಕೆಳಗಿನ ಕೋಣೆಗಳಿಗೆ ಇಳಿಯುವುದು ಸಹಜಕ್ರಮ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಹೆಚ್ಚುವರಿ ದಾರಿಯೊಂದಿರುತ್ತದೆ. ಪ್ರೇರಣೆಯು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿ ಗಾಣದ ಎತ್ತಿನಂತೆ ಸುತ್ತತೊಡಗಿದರೆ, ಬಡಿತವು ಶಿಶುಗಳಲ್ಲಿ ನಿಮಿಷಕ್ಕೆ 220ನ್ನೂ ದೊಡ್ಡ ಮಕ್ಕಳಲ್ಲಿ 180ನ್ನೂ ಮೀರುವುದುಂಟು. ಇಂಥ ದಾರಿಯಿಂದುಂಟಾಗುವ ಒಂದು ಬಗೆಯನ್ನು 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವೈದ್ಯರು ವಿವರಿಸಿದರು. ಓಟದಿಂದಲೋ ಅಂಜಿಕೆಯಿಂದಲೋ ಏರಿದ ಬಡಿತವು ಮೆಲ್ಲಮೆಲ್ಲನೆ ಇಳಿಯುತ್ತದೆ. ಈ ಬಡಿತವಾದರೋ ಥಟ್ಟನೆ ತೊಡಗಿ ಥಟ್ಟನೆ ನಿಲ್ಲುತ್ತದೆ.

ಈ ವ್ಯಾಧಿಯ ಮುಖ್ಯ ಲಕ್ಷಣ ಮರುಕಳಿಕೆ. ಶೈಶವದಲ್ಲಿ ಕಾಣಿಸಿಕೊಂಡದ್ದು ಅನೇಕರಲ್ಲಿ ವರ್ಷ ತುಂಬುವುದರೊಳಗೆ ಅಡಗುತ್ತದೆ. ಆದರೆ ಕೆಲವರಲ್ಲಿ ಶಾಲೆಯ ವಯಸ್ಸಿನಲ್ಲೋ ಹರೆಯದಲ್ಲೋ ಮರಳಿ ತಲೆಯೆತ್ತುತ್ತದೆ. ಔಷಧಿಯು ಅದನ್ನು ಹತ್ತಿಕ್ಕುತ್ತದೆಯೇ ಹೊರತು ದಾರಿಯನ್ನು ಅಳಿಸುವುದಿಲ್ಲ. ರಕ್ತನಾಳದ ಮೂಲಕ ಸಣ್ಣ ನಳಿಕೆಯನ್ನು ಹಾಯಿಸಿ ಆ ದಾರಿಯನ್ನು ಸುಡುವ ಚಿಕಿತ್ಸೆಯು ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಮಕ್ಕಳಲ್ಲಿ ಫಲಿಸುತ್ತದೆ. ಅದಾದ ಮೇಲೂ ಕೆಲವರಲ್ಲಿ ಮರುಕಳಿಸುವುದುಂಟು. ಆದುದರಿಂದ ‘ಒಮ್ಮೆ ವಾಸಿಯಾಯಿತು’ ಎಂದು ಮರೆಯುವುದೂ ಸಲ್ಲದು, ಮರಳಿತೆಂದು ತಾಯ್ತಂದೆಯರನ್ನು ದೂರುವುದೂ ಸಲ್ಲದು.

ಸಾಸ್ವೆಹಳ್ಳಿಯಂಥ ಊರುಗಳಲ್ಲಿ ಇನ್ನೊಂದು ತೊಡಕುಂಟು. ಮಗುವನ್ನು ಹೊನ್ನಾಳಿಯ ತಾಲೂಕು ಆಸ್ಪತ್ರೆಗೋ, ಶಿವಮೊಗ್ಗ, ದಾವಣಗೆರೆಗಳಿಗೋ ಕರೆದೊಯ್ಯುವಷ್ಟರಲ್ಲಿ ಬಡಿತವು ತಾನಾಗಿ ಸಮಸ್ಥಿತಿಗೆ ಬಂದಿರುತ್ತದೆ. ಆಗ ತೆಗೆದ ಇ.ಸಿ.ಜಿ.ಯಲ್ಲಿ ಎಷ್ಟೋ ಸಲ ದೋಷವೇನೂ ಕಾಣದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೇ ಬಂದು ಮಕ್ಕಳನ್ನು ಪರೀಕ್ಷಿಸುವುದು ಸ್ತುತ್ಯವೇ. ಆದರೂ ಅವರು ಬಂದ ದಿನ ನೆಟ್ಟಗಿದ್ದ ಬಡಿತವು ಮುಂದಿನ ವಾರ ಹೇಗಿದ್ದೀತೆಂದು ಯಾರು ಬಲ್ಲರು? ಕಳ್ಳನು ಓಡಿಹೋದ ಮೇಲೆ ಕಂಡವರ ಮಾತೇ ಪ್ರಮಾಣ. ಹಗಲಿನ ಬಹುಭಾಗ ಮಗುವಿನೊಡನಿರುವ ಉಪಾಧ್ಯಾಯರೇ ಇಲ್ಲಿ ಪ್ರತ್ಯಕ್ಷ ಸಾಕ್ಷಿ.

‘ಉಪಾಧ್ಯಾಯರು ವೈದ್ಯರೇ?’ ಎಂಬ ಆಕ್ಷೇಪ ಸಹಜ. ರೋಗನಿರ್ಣಯ ಅವರ ಕೆಲಸವಲ್ಲ. ಮಗುವನ್ನು ಕುಳ್ಳಿರಿಸಿ ಮಣಿಕಟ್ಟಿನ ನಾಡಿಯನ್ನು ಗಡಿಯಾರ ನೋಡಿ ಎಣಿಸುವುದು. ತೊಡಗಿದ ಹೊತ್ತು, ನಿಂತ ಹೊತ್ತು, ಆಗ ಮಗು ಓಡುತ್ತಿತ್ತೋ ಸುಮ್ಮನೆ ಕುಳಿತಿತ್ತೋ ಎಂಬುದನ್ನು ಬರೆದಿಡುವುದು—ಇಷ್ಟೇ ಅವರಿಂದ ಆಗಬೇಕಾದುದು. ಎಣಿಕೆಗೆ ಸಿಗದಷ್ಟು ವೇಗವಿದ್ದರೆ ಹಾಗೆಂದೇ ಬರೆದರೂ ವೈದ್ಯರಿಗೆ ಉಪಕಾರ. ಬಡಿತವು ನಿಲ್ಲದೆ ಮುಂದುವರಿದರೆ, ಅಥವಾ ಮೂರ್ಛೆ, ಎದೆನೋವು, ಉಸಿರುಕಟ್ಟುವಿಕೆ ಕಂಡರೆ ಬರವಣಿಗೆಗಾಗಿ ಕಾಯದೆ 108ಕ್ಕೆ ಕರೆಮಾಡುವುದೇ ಪ್ರಥಮ ಕರ್ತವ್ಯ.

ಇಂಥ ಬರಹವು ತರಗತಿಯಿಂದ ತರಗತಿಗೆ ಮಗುವನ್ನು ಹಿಂಬಾಲಿಸಬೇಕು. ಮೂರನೆಯ ತರಗತಿಯಲ್ಲಿ ಕಂಡದ್ದು ಎಂಟನೆಯದರಲ್ಲಿ ಮರಳಿದಾಗ ಹಳೆಯ ಪುಟವೇ ವೈದ್ಯರಿಗೆ ದಾರಿದೀಪ. ಆ ಪುಟವು ಗೋಪ್ಯವಾಗಿರಲಿ. ಮಗುವಿನ ಹಣೆಗೆ ರೋಗಿಯೆಂಬ ಪಟ್ಟ ಕಟ್ಟುವ ಸಾಧನವಾಗದಿರಲಿ. ಇಂಥ ಮಕ್ಕಳಲ್ಲಿ ಹೆಚ್ಚಿನವರ ಹೃದಯದ ರಚನೆಯಲ್ಲಿ ದೋಷವಿರುವುದಿಲ್ಲ. ವೈದ್ಯರು ಬೇಡವೆನ್ನದ ಹೊರತು ಆಟದಿಂದ ಅವರನ್ನು ದೂರವಿಡುವುದು ಅನ್ಯಾಯ.

ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಉಪಾಧ್ಯಾಯರಿಗೆ ನಾಡಿ ಎಣಿಸುವುದನ್ನು ಕಲಿಸಬಹುದು. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಅಲ್ಪಾಂಶವನ್ನು ಮೀಸಲಿಟ್ಟರೆ, ಬಡ ಮಗುವೊಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿಬರುವ ವೆಚ್ಚ ಒದಗೀತು. ಗೋಡೆಗೆ ಶಿಲಾಫಲಕವುಂಟು, ಈ ದಾನಕ್ಕೆ ಫಲಕವಿಲ್ಲ. ಆದರೆ ನೆಪಗಾರನೆನಿಸಿಕೊಂಡಿದ್ದ ಬಾಲಕನ ಮಾತು ನಿಜವೆಂದು ಸ್ಥಾಪಿತವಾಗುವುದು ಸಣ್ಣ ಫಲವೇನಲ್ಲ. ಮಗುವಿನ ಮಾತನ್ನು ಮೊದಲು ನಂಬುವುದು, ಆಮೇಲೆ ಪರೀಕ್ಷಿಸುವುದು—ಉಪಾಧ್ಯಾಯವೃತ್ತಿಗೆ ಇದೇ ಭೂಷಣ.